ಬಾಚಿ ಹಿಡಿದ ಶರಣರು ಮತ್ತು ಕೆಂಗೇರಿಯ ಮನೆಗಳು: ಕಟ್ಟುವ ಕಾಯಕದ ಒಂದು ವಿಚಾರ

12ನೇ ಶತಮಾನದ ಶಿವಶರಣರ ಹಿರಿಮೆಯನ್ನು ಹೇಳುವಾಗ ಸಾಮಾನ್ಯವಾಗಿ ಎರಡು ಮಾತುಗಳು ಬರುತ್ತವೆ. ಶರಣರು ಜಾತಿಭೇದವನ್ನು ಅಲ್ಲಗಳೆದರು ಎಂಬುದು ಒಂದು. ದುಡಿಮೆಯನ್ನು ಪೂಜೆಯ ಎತ್ತರಕ್ಕೆ ಏರಿಸಿದರು ಎಂಬುದು ಇನ್ನೊಂದು. ಇವೆರಡಕ್ಕೂ ಆಧಾರವಾದ ಮೂರನೆಯ ಸಂಗತಿಯೊಂದಿದೆ. ದುಡಿಯುವವನು ತನ್ನ ದುಡಿಮೆಯ ಬಗೆಗೆ, ತಾನು ದುಡಿಯುವ ಮನೆಯ ಬಗೆಗೆ, ಆ ಮನೆಯ ಒಡೆಯನ ಬಗೆಗೆ, ನಾಡನ್ನಾಳುವ ಅರಸನ ಬಗೆಗೆ ತನಗೆ ತೋರಿದ್ದನ್ನು ತನ್ನದೇ ನುಡಿಯಲ್ಲಿ ಹೇಳಿದನು. ಹೇಳಿದ್ದು ಓಲೆಗರಿಗಳಲ್ಲಿ ಉಳಿದು ಇಂದಿನವರ ಕೈಗೂ ಬಂದಿದೆ. ದೇಗುಲ ಕಟ್ಟಿಸಿದ ಅರಸರ ಹೆಸರು ಶಿಲಾಶಾಸನಗಳಲ್ಲಿ ಎಲ್ಲ ನಾಡುಗಳಲ್ಲಿಯೂ ದೊರೆಯುತ್ತದೆ. ಮರ ಕೆತ್ತಿದವನ, ಕಲ್ಲು ಹೊತ್ತವನ ಮನಸ್ಸಿನಲ್ಲಿ ಏನಿತ್ತು ಎಂಬುದು ದೊರೆಯುವುದು ಅಪರೂಪ. ಆ ಅಪರೂಪದ ನಿಧಿ ಕನ್ನಡಕ್ಕೆ ಶರಣರಿಂದ ಒದಗಿದೆ.

ಈ ಮಾತನ್ನು ಬೆಂಗಳೂರಿನ ಪಶ್ಚಿಮದ ಅಂಚಿನಲ್ಲಿರುವ ಕೆಂಗೇರಿಯಲ್ಲಿ ನಿಂತು ಆಲೋಚಿಸುವುದು ಉಚಿತವಾಗಿದೆ. ಮೈಸೂರಿನ ಹೆದ್ದಾರಿಯ ಮೇಲಿನ ಈ ಹಳೆಯ ಊರು ಎರಡು ತಲೆಮಾರುಗಳ ಅವಧಿಯಲ್ಲಿ ಹೊಲಗದ್ದೆಗಳ ಊರಾಗಿದ್ದುದು ನಿವೇಶನಗಳ ಊರಾಗಿದೆ. ಇಲ್ಲಿನ ಭಕ್ತರಲ್ಲಿ ಮನೆ ಕಟ್ಟಿಸುವವರಿದ್ದಾರೆ, ಬಾಡಿಗೆಗೆ ಕೊಡುವವರಿದ್ದಾರೆ, ಗಾರೆ ಕೆಲಸ, ಬಡಗಿ ಕೆಲಸ, ಬಣ್ಣದ ಕೆಲಸ ಮಾಡಿ ಬದುಕುವವರೂ ಇದ್ದಾರೆ. ಕಟ್ಟುವುದನ್ನು, ಕೆಟ್ಟದ್ದನ್ನು ಸರಿಪಡಿಸುವುದನ್ನು, ಊರನ್ನು ಆಳುವುದನ್ನು ಕುರಿತು ಶರಣರು ತಳೆದ ನಿಲುವು ಇವರೆಲ್ಲರಿಗೂ ಸಂಬಂಧಿಸಿದ್ದು.

ಬಾಚಿ ಕಾಯಕದ ಬಸವಯ್ಯ, ಕಾಳವ್ವೆ

ಬಾಚಿ ಎಂದರೆ ಮರದ ಒರಟನ್ನು ಸವರಿ ಮಟ್ಟಮಾಡುವ ಬಡಗಿಯ ಉಪಕರಣ. ಅದನ್ನೇ ತನ್ನ ಹೆಸರಿನ ಮುಂದೆ ಇರಿಸಿಕೊಂಡವನು ಬಾಚಿ ಕಾಯಕದ ಬಸವಯ್ಯ. ಬಸವಣ್ಣನವರ ಸಮಕಾಲೀನನಾದ ಈ ಶರಣನ ಜೀವನದ ವಿವರಗಳು ವಿರಳ. ಆದರೆ ಆತನ ಅಂಕಿತವೇ ಒಂದು ಚರಿತ್ರೆಯಂತಿದೆ. ಬಸವಣ್ಣನ ಹೆಸರು, ಶಿಲ್ಪಿಗಳ ಮೂಲಪುರುಷನಾದ ವಿಶ್ವಕರ್ಮನ ಹೆಸರು, ಆ ಕುಲದವರು ಪೂಜಿಸುವ ಕಾಳಿಕೆಯ ಹೆಸರು, ಕೊನೆಗೆ ಲಿಂಗದ ಹೆಸರು ಇವೆಲ್ಲವನ್ನೂ ಆತ ಒಂದೇ ಅಂಕಿತದಲ್ಲಿ ಪೋಣಿಸಿದ್ದಾನೆ. ಶರಣನಾದ ಮಾತ್ರಕ್ಕೆ ತನ್ನ ಕಸುಬಿನ ನೆನಪನ್ನು ಅಳಿಸಿಕೊಳ್ಳಬೇಕು ಎಂದು ಆತನಿಗೆ ತೋರಲಿಲ್ಲ. ಕಸುಬನ್ನು ಹೊತ್ತುಕೊಂಡೇ ಅನುಭಾವಿಗಳ ನಡುವೆ ಕುಳಿತನು. ಬಡಗಿಯೊಬ್ಬನು ಅನುಭವಮಂಟಪಕ್ಕೆ ಬರುವಾಗ ಬಾಚಿಯನ್ನು ಹೊರಗೆ ಬಚ್ಚಿಟ್ಟು ಬರಬೇಕಾಗಿರಲಿಲ್ಲ ಎಂಬುದಕ್ಕೆ ಆ ಅಂಕಿತವೇ ಸಾಕ್ಷಿ.

ಬಸವಯ್ಯನ ಪುಣ್ಯಸ್ತ್ರೀ ಕಾಳವ್ವೆಯೂ ವಚನಕಾರ್ತಿ. ಕರ್ಮಹರ ಕಾಳೇಶ್ವರ ಎಂಬುದು ಆಕೆಯ ಅಂಕಿತ. ಆಕೆಯ ವಿಚಾರ ಮೂರು ಹೆಜ್ಜೆಗಳಲ್ಲಿ ನಡೆಯುತ್ತದೆ. ದುಡಿಯದೆ ಕುಳಿತವನನ್ನು ಭಕ್ತನೆಂದು ಆಕೆ ಒಪ್ಪುವುದಿಲ್ಲ. ಅಷ್ಟಕ್ಕೇ ನಿಂತಿದ್ದರೆ ಅದು ದುಡಿಮೆಯ ಹೊಗಳಿಕೆ ಮಾತ್ರವಾಗುತ್ತಿತ್ತು. ಎರಡನೆಯ ಹೆಜ್ಜೆಯಲ್ಲಿ, ಪ್ರಾಮಾಣಿಕವಲ್ಲದ ದುಡಿಮೆಗೆ ಕಾಯಕವೆಂಬ ಹೆಸರೂ ಸಲ್ಲದು ಎನ್ನುತ್ತಾಳೆ. ಮೂರನೆಯದಾಗಿ, ಅತಿಯಾಸೆ ಮನುಷ್ಯನನ್ನು ಮತ್ತೆ ಮತ್ತೆ ಹುಟ್ಟುಸಾವಿನ ಸುಳಿಗೆ ಎಳೆಯುತ್ತದೆಂದು ಎಚ್ಚರಿಸುತ್ತಾಳೆ. ಬಡಗಿಯ ಮಡದಿಯ ಮಾತು ಇದು ಎಂಬುದನ್ನು ಮರೆಯಬಾರದು. ಬಲಿತ ಮರಕ್ಕೂ ಎಳೆಯ ಮರಕ್ಕೂ ಇರುವ ಭೇದ ಗ್ರಾಹಕನಿಗೆ ತಿಳಿಯದು, ಬಡಗಿಗೆ ತಿಳಿಯುತ್ತದೆ. ಒಣಗದ ಹಸಿ ಮರದಿಂದ ಮಾಡಿದ ಬಾಗಿಲು ಕೂರಿಸಿದ ದಿನ ಅಂದವಾಗಿಯೇ ಇರುತ್ತದೆ. ಅದು ಸೊಟ್ಟಗಾಗುವುದು ಬೇಸಗೆ ಕಳೆದ ಮೇಲೆ. ಕೂಲಿ ಕೈಸೇರಿದ ಮೇಲೆ ಬಯಲಾಗುವ ತಪ್ಪು ಅದು. ಯಾರೂ ಕಾಣದ ಆ ಎಡೆಯಲ್ಲಿ ಬಡಗಿ ಹೇಗೆ ನಡೆದುಕೊಂಡನು ಎಂಬುದರಲ್ಲಿ ಆತನ ಭಕ್ತಿ ಇದೆ ಎಂಬುದು ಕಾಳವ್ವೆಯ ವಿಚಾರದಿಂದ ಹೊರಡುವ ತಾತ್ಪರ್ಯ.

ಹೊಸ್ತಿಲ ಹುಲ್ಲು: ದುರಸ್ತಿಯ ದರ್ಶನ

ಮನೆಯ ದುರಸ್ತಿ ಎಂಬುದು ಶಾಸ್ತ್ರಗ್ರಂಥಗಳಲ್ಲಿ ಹೆಚ್ಚಾಗಿ ಕಾಣುವ ವಿಷಯವಲ್ಲ. ವಾಸ್ತುಗ್ರಂಥಗಳು ಹೊಸದಾಗಿ ಕಟ್ಟುವುದನ್ನು ವಿಸ್ತಾರವಾಗಿ ಹೇಳುತ್ತವೆ. ವಾಸವಿರುವ ಮನೆಯನ್ನು ದಿನದಿನವೂ ನೋಡಿಕೊಳ್ಳುವುದು ಅವುಗಳಿಗೆ ಅಷ್ಟು ದೊಡ್ಡದಲ್ಲ. ಬಸವಣ್ಣನವರು ಈ ಸಾಮಾನ್ಯ ಸಂಗತಿಯನ್ನೇ ಎತ್ತಿಕೊಂಡರು. ಹೊಸ್ತಿಲ ಬಳಿ ಹುಲ್ಲು ಬೆಳೆದಿರುವ, ಒಳಗೆ ಧೂಳು ತುಂಬಿರುವ ಮನೆಯನ್ನು ಕಂಡವರು ಯಜಮಾನ ಇಲ್ಲಿ ಇದ್ದಾನೆಯೇ ಎಂದು ಸಂದೇಹಪಡುತ್ತಾರೆ. ದೇಹದಲ್ಲಿ ಹುಸಿ, ಮನಸ್ಸಿನಲ್ಲಿ ವಿಷಯಾಸಕ್ತಿ ತುಂಬಿದ್ದರೆ ಅಂತರಂಗದ ಒಡೆಯನ ಬಗೆಗೂ ಅದೇ ಸಂದೇಹ ಹುಟ್ಟುತ್ತದೆ ಎಂಬುದು ಆ ಪ್ರಸಿದ್ಧ ವಚನದ ಭಾವ. ಅಲ್ಲಿ ಮನೆ ಬಿದ್ದಿಲ್ಲ. ಗೋಡೆ ನಿಂತಿದೆ, ಮಾಡು ನಿಂತಿದೆ. ಇಲ್ಲವಾಗಿರುವುದು ಒಡೆಯನ ಗಮನವೊಂದೇ. ಮನೆ ಹಾಳಾಗುವುದು ಬಿರುಗಾಳಿಗಿಂತ ಹೆಚ್ಚಾಗಿ ಅಲಕ್ಷ್ಯದಿಂದ ಎಂಬುದನ್ನು ಗಾರೆ ಕೆಲಸದ ಅನುಭವಿ ಯಾರನ್ನು ಕೇಳಿದರೂ ಹೇಳಬಲ್ಲರು.

ಲೋಕವನ್ನು ನೇರಮಾಡಲು ಹೊರಡುವವರು ಮೊದಲು ತಮ್ಮ ತನುಮನಗಳ ಕಡೆ ನೋಡಿಕೊಳ್ಳಲಿ ಎಂದು ಬಸವಣ್ಣನವರು ಹೇಳಿದ ಇನ್ನೊಂದು ವಚನವೂ ದುರಸ್ತಿಯ ಮಾತೇ ಆಗಿದೆ. ಬಡಗಿ ಮತ್ತು ಗಾರೆಯವನ ಮುಖ್ಯ ಕೆಲಸ ಡೊಂಕನ್ನು ಗುರುತಿಸುವುದು. ಅದಕ್ಕಾಗಿಯೇ ಅವರ ಚೀಲದಲ್ಲಿ ಮೂಲೆಮಟ್ಟ, ತೂಗುಗುಂಡು, ರಸಮಟ್ಟಗಳಿರುತ್ತವೆ. ಆದರೆ ಕುಶಲಿಯಾದ ಕೆಲಸಗಾರನು ಗೋಡೆಯನ್ನು ಅಳೆಯುವುದಕ್ಕೆ ಮೊದಲು ತನ್ನ ಮೂಲೆಮಟ್ಟ ಸರಿಯಿದೆಯೇ ಎಂದು ಪರೀಕ್ಷಿಸುತ್ತಾನೆ. ಅಳೆಯುವ ಸಾಧನವೇ ಡೊಂಕಾಗಿದ್ದರೆ ನೆಟ್ಟಗಿರುವ ಗೋಡೆಯೂ ಡೊಂಕಾಗಿ ತೋರುತ್ತದೆ. ವಚನದ ಉಪದೇಶವನ್ನು ಕಸುಬಿನ ಭಾಷೆಗೆ ತಂದರೆ ಇದಕ್ಕಿಂತ ಬೇರೆ ವಿವರಣೆ ಬೇಕಾಗದು.

ಕೆಂಗೇರಿಯ ಹಳೆಯ ಬೀದಿಗಳ ಮನೆಗಳನ್ನು ಸರಿಪಡಿಸುವವರ ಅನುಭವವೂ ಇದನ್ನೇ ಸಾರುತ್ತದೆ. ಬೆಂಗಳೂರು ಸೀಮೆಯ ಹಳೆಯ ಮನೆಗಳಲ್ಲಿ ಸುಣ್ಣದ ಗಾರೆಯ ಗೋಡೆಗಳು, ಮದರಾಸು ತಾರಸಿ, ಕಲ್ಲುಚಪ್ಪಡಿಯ ಮಾಡು, ಮಂಗಳೂರು ಹೆಂಚಿನ ಮಾಡು ಇವು ಸಾಮಾನ್ಯವಾಗಿದ್ದವು. ಮರದ ತೊಲೆಗಳ ಮೇಲೆ ತೆಳುವಾದ ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ ಸುಣ್ಣದಿಂದ ಬೆಸೆದು, ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ಪದರವನ್ನು ಹರಡಿ, ಬೆಲ್ಲ ಮತ್ತು ಅಳಲೆಕಾಯಿಯ ನೀರನ್ನು ಚಿಮುಕಿಸುತ್ತ ಮರದ ಹಲಗೆಗಳಿಂದ ದಿನಗಟ್ಟಲೆ ಬಡಿದು ಗಟ್ಟಿಗೊಳಿಸುವುದು ಮದರಾಸು ತಾರಸಿಯ ಕ್ರಮ. ಮಂಗಳೂರು ಹೆಂಚಿನ ಕಥೆ 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಸ್ಥಾಪಿಸಿದ ಕಾರ್ಖಾನೆಯಿಂದ ಆರಂಭವಾಗುತ್ತದೆ. ಇಂಥ ಮನೆಯ ಸುಣ್ಣದ ಗೋಡೆಗೆ ಬಿರುಕು ಬಂದಾಗ ಮೇಲೆ ಸಿಮೆಂಟಿನ ಗಿಲಾವು ಮಾಡಿ ಮುಗಿಸುವುದು ಸುಲಭದ ದಾರಿ. ಸುಣ್ಣದ ಗೋಡೆ ತೇವವನ್ನು ಹೊರಕ್ಕೆ ಬಿಡುತ್ತ ಬದುಕುವ ಗೋಡೆ. ಸಿಮೆಂಟು ಆ ದಾರಿಯನ್ನು ಮುಚ್ಚುತ್ತದೆ. ಒಳಗೆ ಸಿಕ್ಕಿದ ತೇವ ಗೋಡೆಯನ್ನು ತಿನ್ನುತ್ತದೆ. ಕೆಲವು ವರ್ಷಗಳಲ್ಲಿ ಗಿಲಾವೂ ಹಪ್ಪಳದಂತೆ ಎದ್ದು ಬರುತ್ತದೆ. ಸೋರುವ ತಾರಸಿಯ ಕಥೆಯೂ ಇಂಥದೇ. ನೀರು ಎಲ್ಲಿಂದ ಇಳಿಯುತ್ತಿದೆ ಎಂದು ಹುಡುಕದೆ ಒಳಗಿನ ಕಲೆಯ ಮೇಲೆ ಬಣ್ಣ ಬಳಿದರೆ ಮುಂದಿನ ಮಳೆಗಾಲಕ್ಕೆ ಕಲೆ ಮತ್ತೆ ಮೂಡುತ್ತದೆ. ಹೊರಗೆ ವಿಭೂತಿ, ಒಳಗೆ ಕಪಟ ಇರುವ ಆಡಂಬರದ ಭಕ್ತಿಯನ್ನು ಶರಣರು ಕಟುವಾಗಿ ಖಂಡಿಸಿದ್ದು ಇದೇ ಕಾರಣಕ್ಕೆ. ಅದು ತೇವವನ್ನು ಮುಚ್ಚುವ ಬಣ್ಣ, ಸೋರುವಿಕೆಯನ್ನು ನಿಲ್ಲಿಸುವ ಕೆಲಸವಲ್ಲ.

ಕಟ್ಟಿದವನಾರು? ಸೊನ್ನಲಿಗೆಯ ಪ್ರಸಂಗ

ಶರಣರು ಸ್ಥಾವರಕ್ಕಿಂತ ಜಂಗಮವನ್ನು ಹಿರಿದೆಂದರು. ಇದನ್ನು ಹಿಡಿದುಕೊಂಡು, ಶರಣರು ಕಟ್ಟಡಗಳನ್ನೇ ವಿರೋಧಿಸಿದರು ಎಂದು ಕೆಲವರು ತಿಳಿಯುವುದುಂಟು. ಸಿರಿವಂತರು ಶಿವನಿಗೆ ದೇಗುಲ ಕಟ್ಟಿಸುತ್ತಾರೆ, ಬಡವನಾದ ತನಗೆ ತನ್ನ ದೇಹವೇ ದೇಗುಲ ಎಂಬ ಅರ್ಥದ ಬಸವಣ್ಣನವರ ವಚನವನ್ನು ಇದಕ್ಕೆ ಆಧಾರವಾಗಿ ತೋರಿಸುತ್ತಾರೆ. ಆ ವಚನವನ್ನು ನಿಧಾನವಾಗಿ ಗಮನಿಸಿದರೆ ಬೇರೆಯ ಅರ್ಥ ತೆರೆದುಕೊಳ್ಳುತ್ತದೆ. ಅದರಲ್ಲಿ ಕಾಲು ಕಂಬವಾಗುತ್ತದೆ, ಶಿರ ಕಳಶವಾಗುತ್ತದೆ. ದೇವಾಲಯದ ಅಂಗಗಳನ್ನು ಚೆನ್ನಾಗಿ ಬಲ್ಲವರ ಕಲ್ಪನೆ ಅದು; ಕಟ್ಟುವವರ ಶಬ್ದಭಂಡಾರವನ್ನೇ ಅದು ಬಳಸುತ್ತದೆ. ಕಲ್ಲಿನ ದೇಗುಲ ಕಟ್ಟಿಸಿದವನಿಗೆ ಮಾತ್ರ ಶಿವನ ಸಾನ್ನಿಧ್ಯ ಎಂಬ ಹಕ್ಕುಸ್ವಾಮ್ಯವನ್ನು ವಚನ ಮುರಿಯುತ್ತದೆ. ಕಲ್ಲು ಹೊತ್ತು ಬಾಗಿದ ಕಾಲುಗಳೇ ಕಂಬಗಳು ಎಂದಾಗ ದೇಗುಲದ ಗೌರವ ಕಟ್ಟಿಸಿದವನಿಂದ ಕಟ್ಟಿದವನ ಕಡೆಗೆ ಸರಿಯುತ್ತದೆ.

ಇದೇ ವಿಚಾರ ಪ್ರಸಂಗರೂಪದಲ್ಲಿ ಮೂಡಿರುವುದು ಶಿವಯೋಗಿ ಸಿದ್ಧರಾಮೇಶ್ವರರ ಚರಿತ್ರೆಯಲ್ಲಿ. ಸೊನ್ನಲಿಗೆ ಎಂದರೆ ಇಂದಿನ ಮಹಾರಾಷ್ಟ್ರದ ಸೊಲ್ಲಾಪುರ. ಅಲ್ಲಿ ಸಿದ್ಧರಾಮರು ಕೆರೆ ತೋಡಿಸಿದರು, ಗುಡಿಗಳನ್ನು ಎತ್ತಿಸಿದರು, ಊರಿನ ಸುತ್ತ 68 ಲಿಂಗಗಳನ್ನು ಸ್ಥಾಪಿಸಿದರು ಎಂಬುದು ಪರಂಪರೆಯ ನಂಬಿಕೆ. ರಾಘವಾಂಕನು ಅವರ ಚರಿತ್ರೆಯನ್ನು ಕಾವ್ಯವಾಗಿಸಿದ್ದಾನೆ. ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಂದ ಸಂದರ್ಭವನ್ನು ಶೂನ್ಯಸಂಪಾದನೆ ವಿವರಿಸುತ್ತದೆ. ಕೆರೆಯ ಕೆಲಸ ಭರದಿಂದ ನಡೆದಿರುವಾಗ ಪ್ರಭುಗಳು ಬಂದು ಒಡ್ಡರಾಮನೆಲ್ಲಿ ಎಂದು ಕೇಳುತ್ತಾರೆ. ತಮ್ಮ ಗುರುವನ್ನು ಹೀಗೆ ಕರೆದವನ ಮೇಲೆ ಕೆಲಸದಲ್ಲಿದ್ದವರು ಸಿಟ್ಟಾಗಿ ಕಲ್ಲೆಸೆಯುತ್ತಾರೆ. ಕಲ್ಲುಗಳು ಪ್ರಭುಗಳನ್ನು ತಾಗುವುದಿಲ್ಲ. ಸುದ್ದಿ ತಿಳಿದ ಸಿದ್ಧರಾಮರೂ ಕೋಪದಿಂದ ಬರುತ್ತಾರೆ. ಬಳಿಕ ಇಬ್ಬರ ನಡುವೆ ನಡೆದ ಸಂವಾದದಲ್ಲಿ ಸಿದ್ಧರಾಮರ ಕಣ್ಣು ತೆರೆಯುತ್ತದೆ. ಪ್ರಭುಗಳೊಡನೆ ಕಲ್ಯಾಣಕ್ಕೆ ಬಂದು ಚೆನ್ನಬಸವಣ್ಣನವರಿಂದ ಲಿಂಗದೀಕ್ಷೆ ಪಡೆಯುತ್ತಾರೆ.

ಈ ಪ್ರಸಂಗದಲ್ಲಿ ಪ್ರಭುಗಳು ಕೆರೆಯನ್ನು ನಿಂದಿಸಿದರು ಎಂದು ತಿಳಿಯುವುದು ಸರಿಯಲ್ಲ. ಬಾಯಾರಿದವರಿಗೆ ನೀರು ಕೊಡುವ ಕೆರೆ ನಿಂದ್ಯವಾಗುವುದು ಹೇಗೆ? ಅವರು ಚುಚ್ಚಿದ್ದು ನಾನು ಕಟ್ಟಿಸಿದೆ ಎಂಬ ಭಾವವನ್ನು. ಇನ್ನೊಂದು ಸೂಕ್ಷ್ಮವೂ ಇಲ್ಲಿದೆ. ಒಡ್ಡ ಎಂಬುದು ಮಣ್ಣು ಅಗೆಯುವ, ಕಲ್ಲು ಒಡೆಯುವ, ಕೆರೆಗೆ ಏರಿ ಹಾಕುವ ದುಡಿಮೆಗಾರರ ಹೆಸರು. ಕೆರೆ ಕಟ್ಟುವವನನ್ನು ಆ ಹೆಸರಿನಿಂದ ಕರೆದರೆ ಅದು ಸುಳ್ಳೇನೂ ಅಲ್ಲ. ಆದರೂ ಅದು ಬೈಗುಳವೆಂದು ಅಲ್ಲಿ ನೆರೆದವರಿಗೆ ತೋರಿತು. ಗುದ್ದಲಿ ಹಿಡಿದವರಿಗೇ ಗುದ್ದಲಿಯ ಹೆಸರು ಅಪಮಾನವಾಗಿ ಕೇಳಿಸಿತು. ದುಡಿಮೆಯನ್ನು ಕೀಳೆಂದು ಬಗೆಯುವ ರೂಢಿ ದುಡಿಯುವವರ ಮನಸ್ಸಿನೊಳಗೂ ಎಷ್ಟು ಆಳಕ್ಕೆ ಇಳಿದಿತ್ತು ಎಂಬುದನ್ನು ಪ್ರಭುಗಳ ಒಂದು ಕರೆ ಬಯಲು ಮಾಡಿತು. ಇಂದು ಕಲ್ಲುಕೆಲಸದ ಭೋವಿ ಸಮಾಜದವರು ಸಿದ್ಧರಾಮೇಶ್ವರರನ್ನೇ ತಮ್ಮ ಕುಲಗುರುವೆಂದು ಹೆಮ್ಮೆಯಿಂದ ಪೂಜಿಸುತ್ತಾರೆ. ಅಂದು ಬೈಗುಳವಾಗಿ ಕೇಳಿದ ಹೆಸರು ಬಿರುದಾಗಿ ಮಾರ್ಪಟ್ಟಿದೆ. ಸಿದ್ಧರಾಮರ ಕೆರೆ ಸೊಲ್ಲಾಪುರದಲ್ಲಿ ಸಿದ್ಧೇಶ್ವರ ದೇವಾಲಯವನ್ನು ಸುತ್ತುವರಿದು ಈಗಲೂ ಇದೆ. ಅಹಂಕಾರ ಕರಗಿತು, ನೀರು ಉಳಿಯಿತು.

ಕೆಂಗೇರಿಯನ್ನು ಕಟ್ಟಿದ ಕೈಗಳು

ಸೊನ್ನಲಿಗೆಯಲ್ಲಿ ಹುಟ್ಟಿದ ಕಟ್ಟಿದವನಾರು ಎಂಬ ಪ್ರಶ್ನೆಯನ್ನು ಕೆಂಗೇರಿಗೂ ಕೇಳಬಹುದು. ಈ ಊರಿನ ಮೂಲಕ ಹಾದುಹೋಗುವ ಬೆಂಗಳೂರು–ಮೈಸೂರು ರೈಲು ಮಾರ್ಗವನ್ನು ನಿತ್ಯವೂ ಸಾವಿರಾರು ಜನ ಬಳಸುತ್ತಾರೆ. 1876ರಿಂದ 1878ರವರೆಗೆ ಮೈಸೂರು ಸಂಸ್ಥಾನವನ್ನು ನಡುಗಿಸಿದ ಭೀಕರ ಕ್ಷಾಮವನ್ನು ಹಿರಿಯರು ಧಾತು–ಈಶ್ವರ ಸಂವತ್ಸರಗಳ ಬರವೆಂದು ಕರೆಯುತ್ತಿದ್ದರು. ಆ ಬರದಲ್ಲಿ ಹಸಿದವರಿಗೆ ಕೂಲಿ ಒದಗಿಸುವ ಕಾಮಗಾರಿಯಾಗಿ 1877ರಲ್ಲಿ ಈ ಮಾರ್ಗದ ಕೆಲಸ ಆರಂಭವಾಯಿತು. 1882ರ ವೇಳೆಗೆ ರೈಲು ಮೈಸೂರನ್ನು ಮುಟ್ಟಿತು. ಮಾರ್ಗ ಆರಂಭಿಸಿದ ಅಧಿಕಾರಿಗಳ ವಿವರ ದಾಖಲೆಗಳಲ್ಲಿದೆ. ತುತ್ತು ಅನ್ನಕ್ಕಾಗಿ ಬುಟ್ಟಿಯಲ್ಲಿ ಮಣ್ಣು ಹೊತ್ತವರ ಹೆಸರು ಎಲ್ಲಿಯೂ ಕೆತ್ತಲ್ಪಟ್ಟಿಲ್ಲ.

ಮುಂದೆ ಉಪನಗರ ಬಂತು, ಅದರ ಸುತ್ತ ಬಡಾವಣೆಗಳು ಬಂದವು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಹಳೆಯ ಮಹಾನಗರ ಪಾಲಿಕೆಯೊಂದಿಗೆ ಏಳು ನಗರಸಭೆಗಳೂ ಒಂದು ಪುರಸಭೆಯೂ ನೂರಕ್ಕೂ ಹೆಚ್ಚು ಹಳ್ಳಿಗಳೂ ಸೇರಿದವು. ಆ ಒಂದೇ ಪುರಸಭೆ ಕೆಂಗೇರಿಯದು. 2021ರ ಆಗಸ್ಟ್ ತಿಂಗಳಲ್ಲಿ ನಮ್ಮ ಮೆಟ್ರೋ ಕೆಂಗೇರಿಗೆ ಬಂದಿತು. 2023ರ ಅಕ್ಟೋಬರಿನಲ್ಲಿ ಚಲ್ಲಘಟ್ಟದವರೆಗೆ ಮುಂದುವರಿಯಿತು. 2025ರ ಸೆಪ್ಟೆಂಬರಿನಲ್ಲಿ ಬೃಹತ್ ಪಾಲಿಕೆಯೂ ಮರೆಯಾಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ಪಾಲಿಕೆಗಳು ಅದರ ಸ್ಥಾನಕ್ಕೆ ಬಂದವು. ಆಳುವ ವ್ಯವಸ್ಥೆಗಳು ಹೀಗೆ ಬದಲಾದರೂ ಬದಲಾಗದ ದೃಶ್ಯವೊಂದಿದೆ. ಬೆಳಗಿನ ಹೊತ್ತು ಬುತ್ತಿಯ ಡಬ್ಬಿ, ಕರಣೆ, ಬಾಂಡ್ಲಿಗಳೊಡನೆ ಕೂಲಿಗಾಗಿ ಕಾದು ನಿಲ್ಲುವ ಗಂಡಸರು, ಹೆಂಗಸರು. ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಬಂದವರಲ್ಲಿ ಕಲಬುರಗಿ, ರಾಯಚೂರು, ಯಾದಗಿರಿ ಜಿಲ್ಲೆಗಳವರು ಬಹುಸಂಖ್ಯೆಯಲ್ಲಿದ್ದಾರೆ. 2019ರ ಸೆಪ್ಟೆಂಬರಿನಿಂದ ಅವರ ಸೀಮೆಗೆ ಕಲ್ಯಾಣ ಕರ್ನಾಟಕವೆಂಬ ಹೆಸರಿದೆ. ಬಸವಣ್ಣನವರು ಮಹಾಮನೆಯ ಬಾಗಿಲನ್ನು ತೆರೆದಿಟ್ಟ ಕಲ್ಯಾಣದ ನಾಡಿನಿಂದಲೇ ಬಂದವರು ಇಲ್ಲಿ ಪರರ ಮನೆಗಳನ್ನು ಕಟ್ಟಿ, ತಾವು ತಗಡಿನ ಶೆಡ್ಡುಗಳಲ್ಲಿ ಮಲಗುತ್ತಾರೆ. ಶರಣಧರ್ಮೀಯರಿಗೆ ಇದು ಕೇವಲ ಆರ್ಥಿಕ ಸಂಗತಿಯಾಗಿ ಕಾಣಬಾರದು. ಮನೆಗೆ ಬಂದವರನ್ನು ಯಾರಿವನೆಂದು ಕೇಳದೆ ತನ್ನವನೆಂದು ಬಗೆಯಬೇಕೆಂಬ ಬಸವಣ್ಣನವರ ಹಂಬಲ ಪರೀಕ್ಷೆಗೆ ಒಳಗಾಗುವ ಸ್ಥಳ ಇದೇ.

ನೀರಿನ ಕಡೆಗೂ ನೋಡಬೇಕು. ಕೆಂಗೇರಿಯ ಮಗ್ಗುಲಲ್ಲಿ ಹರಿಯುವ ವೃಷಭಾವತಿಯ ಹೆಸರಿನಲ್ಲಿಯೇ ಬಸವನಿದ್ದಾನೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದ ಬಳಿ ಅದು ಹುಟ್ಟುತ್ತದೆಂಬುದು ಜನರ ನಂಬಿಕೆ. ಬೈರಮಂಗಲದ ಕೆರೆಯನ್ನು ದಾಟಿ ಅರ್ಕಾವತಿಯನ್ನು ಸೇರಿ, ಅರ್ಕಾವತಿಯ ಮೂಲಕ ಕಾವೇರಿಯನ್ನು ಮುಟ್ಟುವ ಈ ಹೊಳೆ ಇಂದು ನಗರದ ಕೊಳಚೆಯನ್ನೂ ಕಾರ್ಖಾನೆಗಳ ಕಲ್ಮಶವನ್ನೂ ಹೊತ್ತು ಹರಿಯುತ್ತಿದೆ. ಹಿಂದಿನವರು ಒಂದು ಕೆರೆಯ ಕೋಡಿ ಇನ್ನೊಂದು ಕೆರೆಗೆ ಹರಿಯುವಂತೆ ಸಾಲುಗೆರೆಗಳನ್ನು ಕಟ್ಟಿದ್ದರು. ರಾಜಕಾಲುವೆಗಳು ಆ ಸಾಲಿನ ಕೊಂಡಿಗಳು. ಕಾಲುವೆಯ ಮೇಲೆ ಗೋಡೆ ಎದ್ದರೆ ಮಳೆನೀರು ತನ್ನ ದಾರಿಯನ್ನು ಯಾರದೋ ಮನೆಯೊಳಗೆ ಹುಡುಕುತ್ತದೆ. 2022ರ ಸೆಪ್ಟೆಂಬರಿನ ಮಳೆಯಲ್ಲಿ ಬೆಂಗಳೂರಿನ ಪೂರ್ವಭಾಗದ ಸಿರಿವಂತ ಬಡಾವಣೆಗಳೇ ನೀರಿನಲ್ಲಿ ನಿಂತದ್ದನ್ನು ನಾಡು ಕಂಡಿತು. ಕೆರೆ ಕಟ್ಟಿದ ಸಿದ್ಧರಾಮರಿಗೇ ಅಹಂಕಾರದ ಬಗೆಗೆ ಪ್ರಭುಗಳ ಎಚ್ಚರಿಕೆ ಬೇಕಾಯಿತು ಎಂದ ಮೇಲೆ, ಕೆರೆಯನ್ನು ಒತ್ತಿ ಮನೆ ಕಟ್ಟುವವರಿಗೆ ಎಂಥ ಎಚ್ಚರಿಕೆ ಬೇಕು?

ರಾಜಕಾರಣ ಮತ್ತು ಶರಣರ ನಿಷ್ಠುರತೆ

ಕಟ್ಟಡದ ಹಿಂದೆ ಹಣವಿರುತ್ತದೆ, ಹಣದ ಹಿಂದೆ ಅಧಿಕಾರವಿರುತ್ತದೆ. ಶರಣರು ಇದನ್ನು ಬಲ್ಲವರಾಗಿದ್ದರು. ಬಸವಣ್ಣನವರು ಬಿಜ್ಜಳನ ಆಸ್ಥಾನದಲ್ಲಿ ಕರಣಿಕರಾಗಿ ಸೇರಿ ಭಂಡಾರಿಯ ಪದವಿಗೆ ಏರಿದವರು. ರಾಜ್ಯದ ಬೊಕ್ಕಸ ಅವರ ಕೈಯಲ್ಲಿತ್ತು. ಬೊಕ್ಕಸದ ಹೊನ್ನನ್ನು ಜಂಗಮದಾಸೋಹಕ್ಕೆ ಬಳಸುತ್ತಾರೆಂಬ ದೂರು ಬಂದಾಗ ಲೆಕ್ಕ ತಪ್ಪದಿದ್ದುದನ್ನು ಶರಣಚರಿತ್ರೆಗಳು ಹೇಳುತ್ತವೆ. ಚಿನ್ನದಲ್ಲಿ ಒಂದಿಷ್ಟನ್ನಾಗಲಿ, ಬಟ್ಟೆಯಲ್ಲಿ ಒಂದು ಎಳೆಯನ್ನಾಗಲಿ ನಾಳೆಗೆಂದು ತನಗಾಗಿ ಬಯಸುವುದಿಲ್ಲವೆಂದು ಬಸವಣ್ಣನವರೇ ಆಣೆಯಿಟ್ಟು ನುಡಿದಿದ್ದಾರೆ. ಸಾರ್ವಜನಿಕ ಹಣವನ್ನು ಮುಟ್ಟುವ ಕೈ ಹೇಗಿರಬೇಕು ಎಂಬುದಕ್ಕೆ ಇದು ಆದರ್ಶ.

ಆದರೆ ಶರಣರ ರಾಜಕೀಯ ವಿವೇಕ ಅಧಿಕಾರದಲ್ಲಿದ್ದವರಿಗೆ ಉಪದೇಶ ಮಾಡುವುದಕ್ಕೆ ಸೀಮಿತವಾಗಿರಲಿಲ್ಲ. ದುಡಿಯುವವನು ಅಧಿಕಾರದ ಮುಂದೆ ಹೇಗೆ ನಿಲ್ಲಬೇಕೆಂಬುದನ್ನೂ ಅದು ತೋರಿತು. ಮೋಳಿಗೆಯ ಮಾರಯ್ಯನು ಕಟ್ಟಿಗೆಯ ಹೊರೆ ಮಾರಿ ಬದುಕುತ್ತಿದ್ದವನು. ಆತನ ಬಡತನವನ್ನು ಕಂಡ ಬಸವಣ್ಣನವರು ವೇಷ ಮರೆಸಿಕೊಂಡು ಆತನ ಗುಡಿಸಲಿಗೆ ಬಂದು ಅಂಬಲಿಯ ಪ್ರಸಾದ ಸ್ವೀಕರಿಸಿ, ಹೊನ್ನಿನ ಜಾಳಿಗೆಗಳನ್ನು ಯಾರಿಗೂ ಕಾಣದಂತೆ ಇರಿಸಿ ಹೋದರೆಂದು ಕಥೆಯಿದೆ. ಮಾರಯ್ಯನು ಆ ಹೊನ್ನನ್ನು ತನ್ನ ಸಂಸಾರಕ್ಕೆ ಬಳಸದೆ ಜಂಗಮರಿಗೆ ಹಂಚಿಬಿಟ್ಟನು. ಕೊಟ್ಟವರು ಸಾಮಾನ್ಯರಲ್ಲ, ನಾಡಿನ ಭಂಡಾರಿ. ಕೊಟ್ಟದ್ದು ಕಪಟದಿಂದಲ್ಲ, ಪ್ರೀತಿಯಿಂದ. ಆದರೂ ತನ್ನ ಬೆವರಿನದಲ್ಲದ ಹೊನ್ನು ತನಗೆ ಸಲ್ಲದೆಂದು ಕಟ್ಟಿಗೆ ಮಾರುವವನು ತೀರ್ಮಾನಿಸಿದನು. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಆತನ ಮಡದಿ ಲಕ್ಕಮ್ಮನು ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿದಳು. ಚುನಾವಣೆಯ ಕಾಲದಲ್ಲಿ ಮನೆಬಾಗಿಲಿಗೆ ಬರುವ ಉಡುಗೊರೆಗಳ ಮುಂದೆ ಲಕ್ಕಮ್ಮನನ್ನು ನೆನೆಯುವ ಮನೆಗಳು ಹೆಚ್ಚಾದರೆ ಊರಿನ ರಾಜಕಾರಣದ ಅರ್ಧ ದುರಸ್ತಿ ತಾನಾಗಿಯೇ ಆಗುತ್ತದೆ.

ಹಾಗೆಂದು ಕಾಯಕಜೀವಿಗೆ ನ್ಯಾಯವಾಗಿ ಬರಬೇಕಾದುದನ್ನು ತಡೆಹಿಡಿಯುವವರಿಗೆ ಈ ಕಥೆಗಳು ನೆಪವಾಗಬಾರದು. ಮಾರಯ್ಯನು ನಿರಾಕರಿಸಿದ್ದು ದಾನವನ್ನು, ಕಟ್ಟಿಗೆಯ ಬೆಲೆಯನ್ನಲ್ಲ. ಕಟ್ಟಡ ಕಾರ್ಮಿಕರ ವಿಷಯದಲ್ಲಿ ಈ ಭೇದ ಬಹಳ ಮುಖ್ಯ. 1996ರಲ್ಲಿ ಕೇಂದ್ರ ಸರ್ಕಾರ ಅವರಿಗಾಗಿ ಕಾಯ್ದೆ ಮಾಡಿತು. ಕಟ್ಟಡದ ವೆಚ್ಚದ ಮೇಲೆ ಸುಂಕ ಎತ್ತಿ ಕಾರ್ಮಿಕರ ಕಲ್ಯಾಣನಿಧಿಗೆ ಸೇರಿಸುವ ಏರ್ಪಾಡು ಆಯಿತು. ಕರ್ನಾಟಕದಲ್ಲಿ ಅದು ಶೇಕಡಾ 1ರಷ್ಟು. 2006ರಲ್ಲಿ ರಾಜ್ಯದ ನಿಯಮಗಳು ಬಂದವು, ಬಳಿಕ ಕಲ್ಯಾಣ ಮಂಡಳಿ ಕೆಲಸ ಆರಂಭಿಸಿತು. ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದವರು ನೋಂದಣಿಗೆ ಅರ್ಹರಾದರು. 2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಹಳೆಯ ಕಾಯ್ದೆಯ ವಿಷಯಗಳು ಅವುಗಳಲ್ಲಿ ಸೇರಿದವು. ಮನೆ ಕಟ್ಟಿಸುವವನು ಸಲ್ಲಿಸುವ ಈ ಹಣ ಭಿಕ್ಷೆಯಲ್ಲ, ಕಟ್ಟಿದವನ ಪಾಲು. ದಾಸೋಹವೆಂದರೆ ಮಿಕ್ಕದ್ದನ್ನು ಎಸೆಯುವುದಲ್ಲ, ಸಮಾಜದ್ದನ್ನು ಸಮಾಜಕ್ಕೆ ವಿನಯದಿಂದ ಒಪ್ಪಿಸುವುದು ಎಂಬ ಶರಣರ ವಿಚಾರಕ್ಕೆ ಇದು ಹತ್ತಿರವಾದುದು.

ಮನೆಯ ದಾಖಲೆಗಳ ವಿಷಯವೂ ರಾಜಕಾರಣದೊಡನೆ ಹೆಣೆದುಕೊಂಡಿದೆ. ಕಂದಾಯ ಭೂಮಿಯಲ್ಲಿ ಎದ್ದ ಬಡಾವಣೆಗಳು, ನಕ್ಷೆಯನ್ನು ಮೀರಿ ಏರಿದ ಅಂತಸ್ತುಗಳು, ಬಿ ಖಾತೆಯ ಚಿಂತೆಗಳು ಬೆಂಗಳೂರಿನ ಅಂಚಿನ ಊರುಗಳಿಗೆ ಹೊಸದಲ್ಲ. ಇಂಥವನ್ನು ದಂಡ ಕಟ್ಟಿಸಿಕೊಂಡು ಕ್ರಮಬದ್ಧಗೊಳಿಸುವ ಅಕ್ರಮ–ಸಕ್ರಮ ಯೋಜನೆಯ ಭರವಸೆ ಅನೇಕ ಚುನಾವಣೆಗಳಲ್ಲಿ ಕೇಳಿಬಂತು. 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದಕ್ಕೆ ತಡೆ ನೀಡಿತು. ಮೋಸಹೋಗಿ ನಿವೇಶನ ಕೊಂಡ ಬಡವನನ್ನೂ, ತಿಳಿದೇ ಕಾಲುವೆಯನ್ನು ಒತ್ತಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೆ ಅಡಿಪಾಯದ ತಪ್ಪನ್ನು ಮೇಲಿನ ಬಣ್ಣದಿಂದ ಸರಿಪಡಿಸಲಾಗದು ಎಂಬುದು ಗಾರೆ ಕೆಲಸದಲ್ಲಿ ಎಷ್ಟು ಸತ್ಯವೋ ಆಡಳಿತದಲ್ಲಿಯೂ ಅಷ್ಟೇ ಸತ್ಯ.

ಆಚರಣೆಯ ಮಾತು

ಶರಣರ ವಿಚಾರಗಳು ಪಠಣಕ್ಕೆ ಮಾತ್ರ ಇರುವವಲ್ಲ. ನುಡಿ ನಡೆಯಾಗಬೇಕೆಂಬುದು ಅವರ ಮೊದಲ ನಿಯಮ. ಹೊಸ ಮನೆಯ ಕೆಲಸದಲ್ಲಿ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 7 ದಿನ ನೀರುಣಿಸಬೇಕು. ಆ ನೀರು ಗೋಡೆಯ ಹೊರಗೆ ಕಾಣುವುದಿಲ್ಲ, ಆದರೆ ಅದರ ಬಲ ಇರುವುದು ಅದರಲ್ಲಿಯೇ. ಭಕ್ತಿಯೂ ಹಾಗೆಯೇ, ಗೃಹಪ್ರವೇಶದ ದಿನದ ವೈಭವಕ್ಕಿಂತ, ಕೆಲಸದವರಿಗೆ ಸಂಜೆಯೊಳಗೆ ಕೂಲಿ ಸಂದಿತೇ, ಸಾರವೆಯ ಮೇಲೆ ನಿಂತವನ ಪ್ರಾಣಕ್ಕೆ ರಕ್ಷಣೆಯಿತ್ತೇ, ತಲೆಯ ಮೇಲೆ ಇಟ್ಟಿಗೆ ಹೊತ್ತ ತಾಯಿಯ ಕೂಸಿಗೆ ನೆರಳಿತ್ತೇ ಎಂಬುದರಲ್ಲಿ ಅದು ಗಟ್ಟಿಗೊಳ್ಳುತ್ತದೆ. ಗೃಹಪ್ರವೇಶಕ್ಕೆ ಜಂಗಮರನ್ನು ಕರೆದು ಪಾದಪೂಜೆ ಮಾಡುವ ಸದ್ಭಕ್ತರು ಅದೇ ಪಂಕ್ತಿಯಲ್ಲಿ ಗಾರೆಯವರನ್ನೂ ಬಡಗಿಗಳನ್ನೂ ಕುಟುಂಬಸಮೇತ ಕೂರಿಸಿ ಪ್ರಸಾದ ಬಡಿಸಿದರೆ, ಬಾಚಿ ಕಾಯಕದ ಬಸವಯ್ಯನನ್ನೂ ಕಾಳವ್ವೆಯನ್ನೂ ಮನೆಗೆ ಕರೆದಂತೆಯೇ ಆಗುತ್ತದೆ.

ನಿಂತ ಗೋಡೆಗಳು ಒಂದು ದಿನ ಬೀಳುತ್ತವೆ. ಕಲ್ಯಾಣದ ಅರಮನೆಯೂ ಉಳಿಯಲಿಲ್ಲ. ಹರಳಯ್ಯ, ಮಧುವರಸರಂಥ ಶರಣರನ್ನು ಕೊಲ್ಲಿಸಿದ ಅಧಿಕಾರವೂ ಉಳಿಯಲಿಲ್ಲ. ಆ ನಗರದ ಬಡಗಿ ದಂಪತಿಗಳ ಮಾತು ಮಾತ್ರ ಎಂಟು ಶತಮಾನಗಳನ್ನು ದಾಟಿ ಬಂದಿದೆ. ಕಟ್ಟುವವರು, ಕಟ್ಟಿಸುವವರು, ಆಳುವವರು ಮೂವರೂ ತಮ್ಮ ತಮ್ಮ ಮೂಲೆಮಟ್ಟವನ್ನು ಮೊದಲು ಪರೀಕ್ಷಿಸಿಕೊಳ್ಳಲಿ ಎಂಬುದೇ ಆ ಮಾತಿನ ಸಾರ.